ಮೂರು ಹಾಯಿಯ ಚಪ್ಪರ

ನಮ್ಮ ಮನೆಯ ಹೊಲಿಗೆ ಯಂತ್ರಕ್ಕೆ ಹೊದಿಸಿರುವ ಬಟ್ಟೆಯ ಮೇಲೆ ನನ್ನ ಗಂಡನಿಗೆ ಮದುವೆಯಾದ ಲಾಗಾಯ್ತಿನಿಂದ ಕೋಪ. ಅದರ ಬಣ್ಣ ಇಂಥದ್ದೆಂದು ಹೇಳುವುದು ಕಷ್ಟ. ಯಾರೋ ಕಾಫಿ ಚೆಲ್ಲಿ, ಒರೆಸದೆ, ಹಾಗೆಯೇ ಒಣಗಲು ಬಿಟ್ಟಂತಿದೆ. ಗೋಣಿಯಷ್ಟು ದಪ್ಪ, ಗೋಣಿಗಿಂತ ಒರಟು. ಬೇಸಿಗೆಯಲ್ಲಿ ಪರವಾಗಿಲ್ಲ, ಸುಮ್ಮನೆ ಬಿದ್ದಿರುತ್ತದೆ. ಜೂನ್ ತಿಂಗಳ ಮೊದಲ ಮಳೆ ಬಿದ್ದು ಗಾಳಿಗೆ ತೇವ ಬಂತೋ, ಅದರೊಳಗಿನ ಬಂಗುಡೆ ಮೀನಿನ ವಾಸನೆ ಎದ್ದು ಕೂರುತ್ತದೆ. ಆಗ ನನ್ನ ಗಂಡ ಪೇಪರು ಕೆಳಗಿಟ್ಟು ಮೂಗು ಅರಳಿಸುತ್ತಾರೆ.

"ಇದನ್ನು ಬಿಸಾಡಿ ಒಂದು ಒಳ್ಳೆಯ ಬಟ್ಟೆ ಹಾಕ್ಲಿಕ್ಕೆ ನಿನಗೆ ಎಂತ ಕಷ್ಟ?"

"ಅದು ನನಗೆ ಪಾಲಿನಲ್ಲಿ ಬಂದದ್ದು" ಎನ್ನುತ್ತೇನೆ ನಾನು. ಅಲ್ಲಿಗೆ ಆ ವರ್ಷದ ಮಾತು ಮುಗಿಯುತ್ತದೆ. ಬೇರೆಯವರಿಗೆ ಪಾಲಿನಲ್ಲಿ ಗದ್ದೆ ಬರುತ್ತದೆ, ಬಂಗಾರ ಬರುತ್ತದೆ. ನನಗೆ ಬಂದದ್ದು ಹರಿದ ಹಾಯಿಯ ಒಂದು ಮೊಳ ತುಂಡು. ಹಾಗೆಂದು ನನಗೇನೂ ಬೇಸರವಿಲ್ಲ. ನನ್ನ ಇಡೀ ಜೀವಮಾನದಲ್ಲಿ ನಾನು ಪೆನ್ನು ಹಿಡಿದು ಯೋಜನೆ ಹಾಕಿ, ಆ ಯೋಜನೆ ಪೂರ್ತಿ ತಲೆಕೆಳಗಾಗಿ, ಆದರೂ ಗೆದ್ದದ್ದು ಒಂದೇ ಸಲ. ಆ ಗೆಲುವಿನ ಸಾಕ್ಷಿ ಈ ತುಂಡು. ವಾಸನೆ ಬರುವುದಾದರೆ ಬರಲಿ.

ಎಪ್ಪತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲ. ಕಾಪುವಿನ ಕಡಲ ಬದಿಯಲ್ಲಿ ನಮ್ಮ ಮನೆ. ಅಂಗಳದಲ್ಲಿ ನಿಂತರೆ ತೆಂಗಿನ ಮರಗಳ ಸಂದಿಯಲ್ಲಿ ದೀಪಸ್ತಂಭ ಕಾಣುತ್ತಿತ್ತು. ಅಪ್ಪ ರಂಪಣಿಯವರು. ರಂಪಣಿ ಎಂದರೆ ಊರಗಲದ ಒಂದು ಬಲೆ. ದೋಣಿಯಲ್ಲಿ ಅದನ್ನು ಕೊಂಡೊಯ್ದು ಕಡಲಿನಲ್ಲಿ ಅರ್ಧಚಂದ್ರದ ಹಾಗೆ ಬಿಟ್ಟು, ಎರಡು ತುದಿಯ ಹಗ್ಗವನ್ನು ದಡದಲ್ಲಿ ನಿಂತು ಎಳೆಯುವುದು. ಒಂದೊಂದು ಹಗ್ಗಕ್ಕೆ ನಲವತ್ತು ಐವತ್ತು ಜನ ಬೇಕು. ಒಬ್ಬನ ಬಲೆಯಲ್ಲ ಅದು, ಊರಿನ ಬಲೆ. ನಲವತ್ತು ಮನೆಗಳಿಗೆ ಅದರಲ್ಲಿ ಪಾಲು ಇತ್ತು. ಅದಲ್ಲದೆ ಇನ್ನೊಂದು ಪದ್ಧತಿಯೂ ಇತ್ತು. ಎಳೆಯುವ ಹೊತ್ತಿಗೆ ದಾರಿಯಲ್ಲಿ ಹೋಗುವವರು ಯಾರಾದರೂ ಬಂದು ಹಗ್ಗಕ್ಕೆ ಕೈ ಹಾಕಿದರೆ ಅವರಿಗೂ ಮೀನು ಕೊಡಬೇಕು. ಅವರು ಯಾರು, ಯಾವ ಜಾತಿ, ಯಾವ ಊರು ಎಂದು ಕೇಳುವ ಕ್ರಮವಿಲ್ಲ. ಶಾಲೆಗೆ ಹೋಗುವಾಗ ನಾನು ಎಷ್ಟೋ ಸಲ ಚೀಲ ಮರಳಿನಲ್ಲಿ ಬಿಸಾಡಿ ಹಗ್ಗದ ಬಾಲಕ್ಕೆ ಜೋತುಬಿದ್ದಿದ್ದೇನೆ. ಎಳೆದದ್ದಕ್ಕಿಂತ ಎಳೆಸಿಕೊಂಡದ್ದೇ ಹೆಚ್ಚು. ಆದರೂ ಲಂಗದ ಮಡಿಲಿಗೆ ನಾಲ್ಕು ಬಂಗುಡೆ ಬೀಳುತ್ತಿತ್ತು. ಆ ಲಂಗದಲ್ಲೇ ಶಾಲೆಗೆ ಹೋದರೆ ಟೀಚರು ನನ್ನನ್ನು ಕಿಟಕಿಯ ಪಕ್ಕಕ್ಕೆ ಕೂರಿಸುತ್ತಿದ್ದರು. ಗಾಳಿ ಚೆನ್ನಾಗಿರುತ್ತದೆಂದು ನಾನು ಅದನ್ನು ಮರ್ಯಾದೆ ಎಂದೇ ತಿಳಿದಿದ್ದೆ.

ಅಕ್ಕ ಸುಮತಿ ನನಗಿಂತ ಏಳು ವರ್ಷಕ್ಕೆ ದೊಡ್ಡವಳು. ಎಂಟನೆಯ ಕ್ಲಾಸಿಗೆ ಶಾಲೆ ಬಿಟ್ಟು ಬೀಡಿ ಕಟ್ಟಲು ಕೂತಳು. ಮೊರವನ್ನು ತೊಡೆಯ ಮೇಲಿಟ್ಟು, ಎಲೆ ಕತ್ತರಿಸಿ, ಹೊಗೆಸೊಪ್ಪು ತುಂಬಿ, ನೂಲು ಸುತ್ತಿ, ಕಣ್ಣು ನನ್ನ ಪುಸ್ತಕದ ಮೇಲಿಟ್ಟು ಕೈಯಲ್ಲಿ ಸಾವಿರ ಬೀಡಿ ಮುಗಿಸುವಳು. ಉಡುಪಿಯ ಕಾಲೇಜಿಗೆ ನಾನು ಸೇರಿದ್ದು, ದಿನಾ ಬಸ್ಸಿನಲ್ಲಿ ಹೋಗಿ ಬಂದದ್ದು, ಎಲ್ಲ ಆ ಬೀಡಿಯಿಂದ. ಅವಳಿಗೆ ಇಪ್ಪತ್ತಾರು ತುಂಬಿತ್ತು. ಎರಡು ಸಂಬಂಧ ಬಂದು ತಪ್ಪಿಹೋಗಿದ್ದವು. ಮೂರನೆಯದು ಕಾರ್ಕಳದ ಭಾಸ್ಕರ. ಮಣಿಪಾಲದ ಒಂದು ಪ್ರೆಸ್ಸಿನಲ್ಲಿ ಅಚ್ಚಿನ ಮೊಳೆ ಜೋಡಿಸುವ ಕೆಲಸ. ಉಗುರಿನ ಸಂದಿಯಲ್ಲಿ ಸದಾ ಮಸಿ. ಮಾತು ಕಡಿಮೆ. ಹುಡುಗಿ ನೋಡಲು ಬಂದವನು ಅಕ್ಕನ ಬೆರಳುಗಳನ್ನು ನೋಡಿ, ತನ್ನ ಬೆರಳುಗಳನ್ನು ನೋಡಿಕೊಂಡು, ಸುಮ್ಮನೆ ನಕ್ಕನು. ಅಕ್ಕನಿಗೆ ಅಷ್ಟು ಸಾಕಾಯಿತು. ಒಳಗೆ ಬಂದು ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದು, "ಇದು ತಪ್ಪಬಾರದು, ಆಯ್ತಾ" ಎಂದಳು. ಅವಳು ಜೀವನದಲ್ಲಿ ನನ್ನಿಂದ ಕೇಳಿದ್ದು ಅದೊಂದೇ.

ತಪ್ಪಿಸುವ ಶಕ್ತಿ ಇದ್ದವರು ಭಾಸ್ಕರನ ಸೋದರಮಾವ. ನಮ್ಮ ಕಡೆ ಅಪ್ಪನ ಮಾತಿಗಿಂತ ಸೋದರಮಾವನ ಮಾತಿಗೆ ತೂಕ. ಅವರಿಗೆ ಕಾರ್ಕಳದ ಪೇಟೆಯಲ್ಲಿ ಒಣಮೀನಿನ ದೊಡ್ಡ ಅಂಗಡಿ. ಬಿಳಿ ಪಂಚೆ, ಬಿಳಿ ಶರ್ಟು, ಜರಿಯ ಶಾಲು, ಕೈಯಲ್ಲೊಂದು ಕೊಡೆ. ನಿಶ್ಚಯದ ದಿನ ವೀಳ್ಯದೆಲೆಯ ಹರಿವಾಣವನ್ನು ಮುಂದಿಟ್ಟುಕೊಂಡು, ಮುಟ್ಟದೆ, ಮಾತು ಶುರುಮಾಡಿದರು. ಹರಿವಾಣ ಮುಟ್ಟಿದರೆ ಸಂಬಂಧ ಒಪ್ಪಿದಂತೆ.

"ನೋಡಿ ಮಾರಾಯ್ರೆ, ವರದಕ್ಷಿಣೆ ಗಿರದಕ್ಷಿಣೆ ಎಂತದೂ ಬೇಡ. ಮದುವೆ ಮಾತ್ರ ಉಡುಪಿಯಲ್ಲಿ, ಹಾಲ್‌ನಲ್ಲಿ ಆಗ್ಬೇಕು. ನಮ್ಮ ಕಡೆಯವರು ಬಿಸಿಲಲ್ಲಿ ಕೂತು ಊಟ ಮಾಡುವವರಲ್ಲ."

ಅಪ್ಪ ತಲೆ ತಗ್ಗಿಸಿದರು. ಅವರು ಏನು ಯೋಚಿಸುತ್ತಿದ್ದಾರೆಂದು ನಮಗೆಲ್ಲ ಗೊತ್ತಿತ್ತು. ಹಾಲ್ ಎಂದರೆ ಬಾಡಿಗೆ, ಅಡುಗೆಯವರು, ಪಾತ್ರೆ, ಬಸ್ಸು. ಅಷ್ಟು ಹಣ ಹುಟ್ಟಬೇಕಾದರೆ ಮಾರಲು ನಮ್ಮಲ್ಲಿ ಇದ್ದದ್ದು ಒಂದೇ, ರಂಪಣಿಯ ಪಾಲು. ಪಾಲು ಮಾರಿದವನು ಆಮೇಲೆ ಅದೇ ಹಗ್ಗಕ್ಕೆ ಕೂಲಿಯವನಾಗಿ ಬರಬೇಕು. ಅಪ್ಪ "ಆಯ್ತು" ಎನ್ನಲು ಬಾಯಿ ತೆರೆದಿದ್ದರು. ಅಷ್ಟರಲ್ಲಿ ಬೆಲ್ಲ ನೀರಿನ ತಟ್ಟೆ ಹಿಡಿದು ಬಂದ ಅಕ್ಕ ತಟ್ಟೆಯನ್ನು ನೆಲದ ಮೇಲಿಟ್ಟಳು.

"ಅಪ್ಪ ಪಾಲು ಮಾರಿದರೆ ನಾನು ಧಾರೆಗೆ ಕೈ ಒಡ್ಡುವುದಿಲ್ಲ."

ಹುಡುಗಿಯೊಬ್ಬಳು ನಿಶ್ಚಯದ ಚಾಪೆಯ ಮುಂದೆ ಹಾಗೆ ಮಾತಾಡುವ ಕಾಲವಲ್ಲ ಅದು. ಅಮ್ಮ ಬಾಗಿಲಿನ ಹಿಂದೆ ಬಾಯಿಗೆ ಸೆರಗು ಹಿಡಿದಳು. ಭಾಸ್ಕರ ತನ್ನ ಉಗುರು ನೋಡುತ್ತಾ ಕೂತಿದ್ದವನು ತಲೆ ಎತ್ತಿ, "ನನಗೂ ಹಾಲ್ ಬೇಡ ಮಾವ" ಎಂದನು. ಅಷ್ಟು ಉದ್ದದ ಮಾತು ಅವನಿಂದ ಆ ದಿನ ಮತ್ತೆ ಬರಲಿಲ್ಲ.

ಮಾವ ಬಹಳ ಹೊತ್ತು ಅಡಿಕೆ ಹೋಳನ್ನು ಬೆರಳಲ್ಲಿ ಹೊರಳಿಸಿದರು. ಕೊನೆಗೆ ಹೇಳಿದರು. "ಸರಿ, ನಿಮ್ಮ ಅಂಗಳದಲ್ಲೇ ಆಗ್ಲಿ. ನಮ್ಮ ಕಡೆಯಿಂದ ನೂರು ಜನ. ನೂರು ತಲೆಗೂ ನೆರಳು ಬೇಕು. ಒಬ್ಬನ ತಲೆಗೆ ಬಿಸಿಲು ಬಿತ್ತು ಅಂತಾದ್ರೆ ನಾನು ಎದ್ದು ಬಸ್ಸು ಹತ್ತುವವನೇ. ಆಮೇಲೆ ಗಿಂಡಿ ಮುಟ್ಟುವವರು ಯಾರು ಅಂತ ನೀವೇ ನೋಡಿಕೊಳ್ಳಿ."

ಬೆದರಿಕೆ ಸಣ್ಣದಲ್ಲ. ನಮ್ಮ ಮದುವೆಯಲ್ಲಿ ಮುಖ್ಯವಾದದ್ದು ಧಾರೆ. ಹುಡುಗಿಯ ಕೈಯನ್ನು ಹುಡುಗನ ಕೈಯಲ್ಲಿಟ್ಟು ಕೊಕ್ಕಿನ ಗಿಂಡಿಯಿಂದ ನೀರು ಬಿಡುವುದು. ಬಿಡುವಾಗ ಎರಡೂ ಕಡೆಯ ಹಿರಿಯರು ಗಿಂಡಿಗೆ ಕೈ ಮುಟ್ಟಿಸಬೇಕು. ಹುಡುಗನ ಸೋದರಮಾವನ ಕೈ ಇಲ್ಲದೆ ಧಾರೆಯಾಯಿತು ಎಂದು ಯಾರೂ ಒಪ್ಪುವುದಿಲ್ಲ. ಅಂದರೆ ಅಕ್ಕನ ಮದುವೆ ನಿಂತದ್ದು ನೂರು ತಲೆಯ ನೆರಳಿನ ಮೇಲೆ. ಅವರು ಹರಿವಾಣ ಮುಟ್ಟಿ ಎದ್ದು ಹೋದ ಮೇಲೆ ಅಪ್ಪ ಅಂಗಳಕ್ಕೆ ಇಳಿದು ಸೂರ್ಯನನ್ನು ದಿಟ್ಟಿಸಿ ನೋಡಿದರು.

ಯೋಜನೆಯ ಭಾರ ನಾನು ಹೊತ್ತೆ. ಯಾರೂ ಹೊರಿಸಲಿಲ್ಲ, ಮನೆಯಲ್ಲಿ ಹೊಸ ನೋಟ್‌ಬುಕ್ ಇದ್ದದ್ದು ನನ್ನೊಬ್ಬಳ ಹತ್ತಿರ. ಕಾಲೇಜಿನ ಗೆಳತಿಯೊಬ್ಬಳಿಂದ ಗೃಹವಿಜ್ಞಾನದ ಪುಸ್ತಕ ಎರವಲು ತಂದಿದ್ದೆ. ಅದರಲ್ಲಿ ಮಿತವ್ಯಯದ ಸಮಾರಂಭಗಳ ಬಗ್ಗೆ ಒಂದು ಪಾಠವೇ ಇತ್ತು. ಪ್ರತಿ ಮೇಜಿನ ನಡುವೆ ಚಿಕ್ಕದೊಂದು ಹೂದಾನಿ ಇಡಬೇಕು, ಕರವಸ್ತ್ರವನ್ನು ಹಂಸದ ಆಕಾರದಲ್ಲಿ ಮಡಚಬೇಕು ಎಂದು ಬರೆದಿತ್ತು. ನಾನು ಅಮ್ಮನಿಗೆ ಗಂಭೀರವಾಗಿ ಓದಿ ಹೇಳಿದೆ.

"ಮೇಜು ಎಲ್ಲುಂಟು ಮಗಾ?" ಎಂದಳು ಅಮ್ಮ, ಬಸಳೆ ಸೋಸುತ್ತಾ. "ನೆಲದಲ್ಲಿ ಬಾಳೆಲೆ ಹಾಕಿದ ಮೇಲೆ ಹೂದಾನಿ ಇಟ್ಟರೆ ಅದಕ್ಕೂ ಅನ್ನ ಬಡಿಸ್ತಾರೆ."

ಹಂಸವನ್ನು ಹೊಡೆದುಹಾಕಿದೆ. ಆದರೆ ಉಳಿದದ್ದು ಒಂದೊಂದಾಗಿ ತಾನಾಗಿ ಕೂಡಿಬಂತು. ಆಮಂತ್ರಣದ ಕಾಗದವನ್ನು ಭಾಸ್ಕರ ತಾನೇ ಅಚ್ಚು ಮಾಡಿದ. ಪ್ರೆಸ್ಸಿನ ಯಜಮಾನರನ್ನು ಕೇಳಿ, ಯಾವುದೋ ದೊಡ್ಡ ಕೆಲಸದಲ್ಲಿ ಕತ್ತರಿಸಿ ಉಳಿದ ಗಿಳಿಹಸಿರು ಕಾರ್ಡಿನ ಪಟ್ಟಿಗಳನ್ನು ತಂದು ಅದರಲ್ಲೇ ಮದುವೆ ಕಾಗದ. ಒಂದೂವರೆ ಇಂಚು ಅಗಲ, ಒಂದು ಗೇಣು ಉದ್ದ. ಮೇಲಿಂದ ಕೆಳಗೆ ಓದುತ್ತಾ ಹೋಗಬೇಕು, ಬಸ್ಸಿನ ಟಿಕೆಟ್ಟಿನ ಹಾಗೆ. ಅಂಥ ಕಾಗದ ಉಡುಪಿಯಲ್ಲಿ ಯಾರೂ ನೋಡಿರಲಿಲ್ಲ. ಹೊಸ ಫ್ಯಾಶನ್ ಇರಬೇಕೆಂದು ಎಲ್ಲರೂ ಜೋಪಾನವಾಗಿ ಇಟ್ಟುಕೊಂಡರು. ಅಲೆವೂರಿನ ಒಬ್ಬರು ತಮ್ಮ ಮಗನ ಮದುವೆಗೂ ಅಂಥದ್ದೇ ಬೇಕೆಂದು ಪ್ರೆಸ್ಸಿಗೆ ಹೋಗಿ ಹಟ ಹಿಡಿದರಂತೆ.

ಅಡುಗೆಯ ಜೀನಸು ಪೇಟೆಯ ಹಮ್ಮಬ್ಬ ಬ್ಯಾರಿಯವರ ಅಂಗಡಿಯಿಂದ. ಅಪ್ಪನೂ ಅವರೂ ಒಂದೇ ಶಾಲೆಯಲ್ಲಿ ಒಂದೇ ಬೆತ್ತದ ಪೆಟ್ಟು ತಿಂದವರು. ಪೆನ್ಸಿಲನ್ನು ಕಿವಿಯಿಂದ ತೆಗೆದು ನನ್ನ ಪಟ್ಟಿಯಲ್ಲಿ ಬೇಳೆಯನ್ನು ಹೆಚ್ಚಿಸಿ, ದ್ರಾಕ್ಷಿ ಗೋಡಂಬಿಯನ್ನು ತಗ್ಗಿಸಿ, "ಪಾಯಸದಲ್ಲಿ ಗೋಡಂಬಿ ಹುಡುಕ್ಲಿಕ್ಕೆ ಜನ ಬರುವುದಾ? ಸುಮತಿಯನ್ನು ನೋಡ್ಲಿಕ್ಕೆ ಬರುವುದು. ನನಗೆ ಬಿದ್ದ ರೇಟಿಗೆ ಹಾಕ್ತೇನೆ, ಲಾಭ ನಿನ್ನ ಮದುವೆಯಲ್ಲಿ ತೆಗೀತೇನೆ" ಎಂದರು.

ಇನ್ನು ಮಲ್ಲಿಗೆ. ನಮ್ಮ ಕಡೆ ಬಂಗಾರದ ರೇಟು ಕೂಡ ಅಷ್ಟು ಕುಣಿಯುವುದಿಲ್ಲ. ಶಂಕರಪುರದ ಮಲ್ಲಿಗೆಯ ರೇಟು ದಿನಕ್ಕೊಂದು. ಬೆಳಿಗ್ಗೆ ಹೂವು ಕೊಯ್ದು, ಬಾಳೆನಾರಿನಲ್ಲಿ ನೇಯ್ದು, ಬಸ್ಸಿಗೆ ಕೊಟ್ಟ ಮೇಲೆಯೇ ಅಂದಿನ ರೇಟು ತಿಳಿಯುವುದು. ಮದುವೆಯ ತಿಂಗಳಲ್ಲಿ ಒಂದು ಅಟ್ಟೆಯ, ಎಂದರೆ ನೇಯ್ದ ಹೂವಿನ ಒಂದು ಕಟ್ಟಿನ, ಬೆಲೆ ಕೇಳಿ ಹುಡುಗಿಯ ಅಪ್ಪಂದಿರು ಹೂವಿನಂಗಡಿಯ ಬೆಂಚಿನ ಮೇಲೆ ಕೂತುಬಿಡುತ್ತಿದ್ದರು. ಮದುಮಗಳ ಜಡೆ ಪೂರ್ತಿ ಮುಚ್ಚುವ ಹೂವಿನ ಜಲ್ಲಿಗೆ ಹಲವು ಅಟ್ಟೆ ಬೇಕು. ನಾನು ನೋಟ್‌ಬುಕ್ಕಿನಲ್ಲಿ ಹೂವಿನ ಜಾಗದಲ್ಲಿ ಒಂದು ದೊಡ್ಡ ಪ್ರಶ್ನಾರ್ಥಕ ಚಿಹ್ನೆ ಬರೆದು, ಅದಕ್ಕೆ ಪೆನ್ಸಿಲಿನಲ್ಲಿ ನೆರಳು ಕೊಡುತ್ತಾ ಎರಡು ದಿನ ಕಳೆದೆ. ಅಮ್ಮ ಎದ್ದು ಶಂಕರಪುರಕ್ಕೆ ನಡೆದಳು. ಅಲ್ಲಿ ಸೆಲಿನ್ ಬಾಯಿ ಎಂಬವರ ಮಲ್ಲಿಗೆ ಗಿಡಗಳಿಗೆ ಕೋಳಿ ಬೀಳದ ಹಾಗೆ ವರ್ಷವರ್ಷ ಹಳೆಯ ಬಲೆ ಕೊಡುತ್ತಿದ್ದದ್ದು ಅಪ್ಪ. "ಬಲೆ ಕೊಟ್ಟವರಿಗೆ ನಾನು ರೇಟು ಹೇಳ್ಲಿಕ್ಕುಂಟಾ?" ಎಂದರಂತೆ ಸೆಲಿನ್ ಬಾಯಿ. "ಜಲ್ಲಿ ನಾನೇ ಕಟ್ಟಿ ನಾನೇ ತರ್ತೇನೆ. ಊಟ ಮಾತ್ರ ಮೊದಲ ಪಂಕ್ತಿಯಲ್ಲಿ."

ಹೀಗೆ ಎಲ್ಲ ಆಯಿತು, ನೆರಳು ಮಾತ್ರ ಆಗಲಿಲ್ಲ. ಶಾಮಿಯಾನದ ಬಾಡಿಗೆ ಕೇಳಿಕೊಂಡು ಬಂದ ಅಪ್ಪ ಅದನ್ನು ಬಾಯಿಬಿಟ್ಟು ಹೇಳಲೂ ಇಲ್ಲ. ತೆಂಗಿನ ಮಡಲು ಹೆಣೆದು ಚಪ್ಪರ ಹಾಕಬಹುದಿತ್ತು. ಆದರೆ ಮೇ ತಿಂಗಳು. ಮಳೆಗೆ ಮುಂಚೆ ಎಲ್ಲರೂ ಮನೆಯ ಮಾಡಿಗೆ ಮಡಲು ಹೊದಿಸುವ ಸಮಯ. ಊರಿನ ಒಂದೊಂದು ಮಡಲೂ ಯಾವುದೋ ಮಾಡಿಗೆ ಗೊತ್ತಾಗಿತ್ತು. ಮದುವೆಗೆ ಹನ್ನೆರಡು ದಿನ ಇತ್ತು. ಅಕ್ಕ ಬೀಡಿ ಕಟ್ಟುತ್ತಲೇ ಇದ್ದಳು. ಆದರೆ ಮೊರದಲ್ಲಿ ಕೆಟ್ಟ ಬೀಡಿಗಳು ಹೆಚ್ಚಾಗುತ್ತಿದ್ದವು, ಅದನ್ನು ನಾನು ನೋಡುತ್ತಿದ್ದೆ. ನನಗೆ ಅಳು ಬರುತ್ತಿತ್ತು. ಇಷ್ಟು ವರ್ಷ ನನ್ನ ಪುಸ್ತಕಕ್ಕೆ ಅವಳು ಕೈ ಸವೆಸಿದಳು, ಅವಳ ತಲೆಗೆ ಒಂದು ನೆರಳು ಮಾಡಲು ಆ ಪುಸ್ತಕ ಯಾವುದಕ್ಕೂ ಆಗಲಿಲ್ಲವಲ್ಲ ಎಂದು.

ದಾರಿ ತೋರಿಸಿದ್ದು ಅಮ್ಮ. ಉಪ್ಪಿನಕಾಯಿ ಭರಣಿ ಇಳಿಸಲು ಅಟ್ಟ ಹತ್ತಿದವಳು ಅಲ್ಲಿಂದಲೇ ಕೂಗಿದಳು. "ಅಜ್ಜನ ಹಾಯಿ ಇಲ್ಲಿ ಉಂಟಲ್ಲ! ಇದು ಬಟ್ಟೆ ಅಲ್ವಾ?"

ದೋಣಿಗಳಿಗೆಲ್ಲ ಯಂತ್ರ ಬಂದು ಹಾಯಿಗಳು ಅಟ್ಟ ಸೇರಿದ್ದ ಕಾಲ ಅದು. ನಮ್ಮ ಅಟ್ಟದಲ್ಲಿ ಒಂದು, ಅಕ್ಕಪಕ್ಕದ ಅಟ್ಟಗಳಲ್ಲಿ ಇನ್ನೆರಡು ಸಿಕ್ಕಿದವು. ಮರದ ತೊಗಟೆಯ ಚೊಗರಿನಲ್ಲಿ ಅದ್ದಿ ಅದ್ದಿ ಕಂದು ಬಣ್ಣಕ್ಕೆ ತಿರುಗಿದ್ದ, ಉಪ್ಪು ಕುಡಿದು ಹಲಗೆಯಂತಾಗಿದ್ದ ಹಾಯಿಗಳು. ಹೆಂಗಸರೆಲ್ಲ ಸೇರಿ ಅಂಟುವಾಳ ಹಾಕಿ ಮೂರು ದಿನ ಒಗೆದೆವು. ಮೂರನೆಯ ದಿನವೂ ನೀರು ಕಂದಾಗಿಯೇ ಬಂತು. ಹಮ್ಮಬ್ಬರ ತಾಯಿ ಲೋಬಾನದ ಹೊಗೆ ಹಾಕಿದರು. ಬಂಗುಡೆಯ ವಾಸನೆ ಹೋಗಲಿಲ್ಲ, ಲೋಬಾನ ಹಚ್ಚಿಕೊಂಡ ಬಂಗುಡೆಯ ವಾಸನೆಯಾಯಿತು. ಅಪ್ಪ ಬಲೆ ಹೆಣೆಯುವ ಸೂಜಿಯಲ್ಲಿ ಮೂರು ಹಾಯಿಗಳನ್ನೂ ಸೇರಿಸಿ ಹೊಲಿದರು. ಮರಳಿನಲ್ಲಿ ಹಾಸಿ, ಅದರ ಮೇಲೆ ನಾವೆಲ್ಲ ಕೂತು ಅಳೆದೆವು. ನೂರು ಜನರಿಗೆ ಧಾರಾಳ. ಅಕ್ಕ ಹಾಯಿಯ ನಡುವೆ ಕಾಲು ಚಾಚಿ ಕೂತು ನಿಶ್ಚಯವಾದ ಮೇಲೆ ಮೊದಲ ಸಲ ಗಟ್ಟಿಯಾಗಿ ನಕ್ಕಳು.

ಚಪ್ಪರ ಕಟ್ಟಿದವರು ರಂಪಣಿಯ ಗಂಡಸರು. ಇಲ್ಲೇ ತಪ್ಪಾದದ್ದು. ಗದ್ದೆ ಮಾಡುವವರು ಯಾರೂ ಮಾಡದ ತಪ್ಪು ಅದು. ಕೈಗೆ ಹಾಯಿ ಕೊಟ್ಟರೆ ಕಡಲಿನವರು ಹಾಯಿಯನ್ನೇ ಕಟ್ಟುತ್ತಾರೆ. ಕಡಲಿನ ಕಡೆಯ ಪಡುವಣದ ಅಂಚನ್ನು ಎತ್ತರಕ್ಕೆ ಎಳೆದರು, ಮೂಡಣದ ಅಂಚನ್ನು ತಗ್ಗಿಸಿದರು. ಒಂದು ಸುಕ್ಕಿಲ್ಲದಂತೆ ಬಿಗಿದರು. ಒಂದೆಳೆತಕ್ಕೆ ಬಿಚ್ಚಿಕೊಳ್ಳುವಂಥ ಗಂಟು ಹಾಕಿದರು. ಬಿರುಗಾಳಿಯಲ್ಲಿ ಹಾಯಿ ಇಳಿಸಲು ತಡವಾದರೆ ಪ್ರಾಣವೇ ಹೋಗುತ್ತದಲ್ಲ, ಅವರ ಬೆರಳಿಗೆ ಬೇರೆ ಗಂಟೇ ಗೊತ್ತಿರಲಿಲ್ಲ. ನಾನು ಸುತ್ತ ನಡೆದು ನೋಡಿ, ನೋಟ್‌ಬುಕ್ಕಿನಲ್ಲಿ 'ನೆರಳು' ಎಂಬುದರ ಎದುರು ಟಿಕ್ ಹಾಕಿದೆ. "ಪಡು ಬದಿ ಎತ್ತರ ಇದ್ದದ್ದು ಒಳ್ಳೆಯದಾಯಿತು, ನೆಂಟರಿಗೆ ತಂಪು ಗಾಳಿ ಬರುತ್ತದೆ" ಎಂದೂ ಬರೆದೆ. ಆ ಹಾಳೆಯನ್ನು ಆಮೇಲೆ ಹರಿದು ಒಲೆಗೆ ಹಾಕಿದ್ದೇನೆ.

ಮದುವೆಯ ದಿನ ಬೆಳಿಗ್ಗೆ ಒಂದೆಲೆ ಅಲ್ಲಾಡುವಷ್ಟೂ ಗಾಳಿಯಿಲ್ಲ. ಕಾರ್ಕಳದ ಎರಡು ಬಸ್ಸುಗಳು ಹಿರಿಯಡ್ಕದಲ್ಲಿ ನೆಂಟರನ್ನು ಹತ್ತಿಸಿಕೊಂಡು ಉಡುಪಿಯ ಮೂಲಕ ಸುತ್ತಿ ಹತ್ತು ಗಂಟೆಗೆ ಬಂದವು. ಮಾವ ಮೊದಲು ಇಳಿದರು. ಯಾರೊಡನೆಯೂ ಮಾತಾಡದೆ ಚಪ್ಪರಕ್ಕೆ ಒಂದು ಸುತ್ತು ಬಂದರು. ಕೊಡೆಯ ತುದಿಯಿಂದ ನೆರಳಿನ ಅಂಚನ್ನು ಕುಟ್ಟಿ ಕುಟ್ಟಿ ನೋಡಿದರು. ಕೈ ಎತ್ತಿ ಹಾಯಿಯ ಬಟ್ಟೆಯನ್ನು ಹೆಬ್ಬೆರಳಿನಲ್ಲಿ ಒಮ್ಮೆ ಉಜ್ಜಿದರು, ಮೂಸಿದರು. ಈಗ ಏನಾದರೂ ಹೇಳುತ್ತಾರೆ ಎಂದು ನಾನು ನೋಟ್‌ಬುಕ್ ಹಿಡಿದು ಕಾದೆ. ಅವರು "ಹ್ಞಾಂ" ಎಂದಷ್ಟೇ ಹೇಳಿ ಮುಂದಿನ ಚಾಪೆಯಲ್ಲಿ ಕೂತರು. ಅವರ ಕಡೆಯ ನೂರು ಜನ ಎಂದದ್ದು ನೂರಿಪ್ಪತ್ತು ಆಗಿತ್ತು. ಎಲ್ಲರೂ ನೆರಳಲ್ಲಿ ಕೂತರು. ಅಪ್ಪ ದೂರದಿಂದ ನನ್ನನ್ನು ನೋಡಿ ಕಣ್ಣಲ್ಲೇ ನಕ್ಕರು.

ಮುಹೂರ್ತ ಅಭಿಜಿನ್ ಲಗ್ನದಲ್ಲಿ, ಎಂದರೆ ಸರಿಯಾಗಿ ಮಧ್ಯಾಹ್ನ. ಬೇಸಿಗೆಯ ಮಧ್ಯಾಹ್ನ ಕಡಲಿನಿಂದ ಗಾಳಿ ಏಳುತ್ತದೆ. ಇದು ನಮ್ಮೂರಿನ ಹಾಲು ಕುಡಿಯುವ ಮಗುವಿಗೂ ಗೊತ್ತು. ಗೊತ್ತಿರುವ ನಾವೆಲ್ಲ ಮದುವೆಯ ಗಡಿಬಿಡಿಯಲ್ಲಿ ಗಾಳಿಯನ್ನೇ ಮರೆತಿದ್ದೆವು. ಅಕ್ಕ ಕೆಂಪು ಅಂಚಿನ ಧಾರೆ ಸೀರೆ ಉಟ್ಟು, ಸೆಲಿನ್ ಬಾಯಿಯ ಜಲ್ಲಿ ಮುಡಿದು ಮಂಟಪಕ್ಕೆ ಬರುವುದಕ್ಕೂ ಹಾಯಿ ಮೊದಲ ಸಲ ಉಸಿರೆಳೆದುಕೊಳ್ಳುವುದಕ್ಕೂ ಸರಿಹೋಯಿತು.

ಮೊದಲು ಒಂದು ಪಟಪಟ. ಆಮೇಲೆ ಇಡೀ ಚಪ್ಪರ ಹೊಟ್ಟೆ ಉಬ್ಬಿಸಿತು. ಹದಿನೈದು ವರ್ಷ ಅಟ್ಟದಲ್ಲಿ ಮಲಗಿದ್ದ ಹಾಯಿಗಳಿಗೆ ತಾವು ಹಾಯಿಗಳೆಂದು ನೆನಪಾಯಿತು. ಪಡುವಣದ ಕಂಬಗಳು ಗುಂಡಿಯಿಂದ ಒಂದು ಗೇಣು ಮೇಲೆದ್ದು ಮತ್ತೆ ಕೂತವು. ಮೂಲೆಯ ಗಂಟೊಂದು ಬಿಚ್ಚಿಕೊಂಡಿತು. ಬಟ್ಟೆ ಮಡಚಿ, ಬಿಸಿಲಿನ ಒಂದು ಪಟ್ಟಿ ಒಳಗೆ ಬಂದು, ಬೇರೆ ಎಲ್ಲೂ ಬೀಳಲು ಜಾಗವಿಲ್ಲವೆಂಬಂತೆ ನೇರ ಕಾರ್ಕಳದ ಮಾವನ ನೆತ್ತಿಯ ಮೇಲೆ ಬಿತ್ತು.

ಮಾವ ಎದ್ದು ನಿಂತರು.

ಮಂಟಪದಲ್ಲಿ ಅಕ್ಕ ಅವರನ್ನೇ ನೋಡುತ್ತಿದ್ದಳು. ಮಾವ ಕೊಡೆಯನ್ನು ಪಕ್ಕದವರಿಗೆ ಕೊಟ್ಟರು. ಜರಿಯ ಶಾಲನ್ನು ತೆಗೆದು ಚಾಪೆಗೆ ಬಿಸಾಡಿದರು. ಪಂಚೆಯನ್ನು ಎತ್ತಿ ಕಚ್ಚೆ ಕಟ್ಟಿದರು. ಬಸ್ಸಿನ ಕಡೆ ಹೋಗಲಿಲ್ಲ. ನೇರ ಮೂಲೆಗೆ ಓಡಿ, ಗಾಳಿಯಲ್ಲಿ ಚಾವಟಿಯಂತೆ ಬೀಸುತ್ತಿದ್ದ ಹಗ್ಗವನ್ನು ಹಾರಿ ಹಿಡಿದು, ಸೊಂಟಕ್ಕೆ ಒಂದು ಸುತ್ತು ಹಾಕಿ, ಹಿಮ್ಮಡಿಯನ್ನು ಮರಳಿಗೆ ಊರಿದರು.

"ಎಂತ ನೋಡ್ತಾ ನಿಂತದ್ದು? ಹಿಡೀರಿ ಮಾರಾಯ್ರೆ ಹಗ್ಗ! ಹೋಯ್... ಐಸಾ!"

ಬಲೆ ಎಳೆಯುವವರ ಆ ಕೂಗು ಒಣಮೀನಿನ ಅಂಗಡಿಯಲ್ಲಿ ಕಲಿತದ್ದಲ್ಲ. ಆಮೇಲೆ ತಿಳಿಯಿತು, ಅಂಗಡಿ ಇಡುವುದಕ್ಕೆ ಮುಂಚೆ ಮಾವ ಮಲ್ಪೆಯಲ್ಲಿ ಹನ್ನೆರಡು ವರ್ಷ ರಂಪಣಿ ಎಳೆದವರು. ಜರಿಯ ಶಾಲು ಬಂದ ಮೇಲೆ ಆ ಮಾತನ್ನು ಯಾರ ಹತ್ತಿರವೂ ಎತ್ತುತ್ತಿರಲಿಲ್ಲವಂತೆ. ಐಸಾ ಎಂದದ್ದೇ ತಡ, ನಮ್ಮವರು ಎದ್ದರು, ಅವರ ಕಡೆಯವರೂ ಎದ್ದರು. ಎಲ್ಲರ ತಲೆಯ ಮೇಲೂ ಇದ್ದದ್ದು ಒಂದೇ ಹಾಯಿ. ಹಮ್ಮಬ್ಬರು ಕಿವಿಯ ಪೆನ್ಸಿಲ್ ಸಮೇತ ಹಗ್ಗಕ್ಕೆ ಬಿದ್ದರು. ಸೆಲಿನ್ ಬಾಯಿ ಸೆರಗು ಸೊಂಟಕ್ಕೆ ಸಿಕ್ಕಿಸಿದರು. ಬಸ್ಸಿನ ಡ್ರೈವರೊಬ್ಬ ಬಂದ. ಮಾವನ ಮಗಳು, ಪೇಟೆಯಲ್ಲಿ ಬೆಳೆದವಳು, ಚಪ್ಪಲಿ ಬಿಟ್ಟು ಬಂದು ನನ್ನ ಪಕ್ಕದಲ್ಲಿ ಹಿಡಿದಳು. ನೋಟ್‌ಬುಕ್ ಎಲ್ಲಿ ಬಿತ್ತೋ ಆಗ ನನಗೆ ಗೊತ್ತಾಗಲಿಲ್ಲ. ಪಡು ಬದಿಯ ಉದ್ದಕ್ಕೂ ಐವತ್ತು ಅರವತ್ತು ಜನ ಒಂದೇ ಹಗ್ಗ ಹಿಡಿದು ಹಿಂದಕ್ಕೆ ವಾಲಿದೆವು. ಹಾಯಿ ನಿಂತಿತು. ನೆರಳೂ ನಿಂತಿತು.

ಆದರೆ ಮುಹೂರ್ತವೂ ಬಂದುಬಿಟ್ಟಿತು. ನಮ್ಮ ಊರಿನ ಗುರಿಕಾರರು, ಎಂದರೆ ನಮ್ಮ ಕಡೆ ಮದುವೆ ನಡೆಸಿಕೊಡುವ ಹಿರಿಯರು, ಎಂಬತ್ತರ ಮುದುಕ, ಗಿಂಡಿ ಎತ್ತಿ ನಿಂತಿದ್ದರು. ಗಿಂಡಿ ಮುಟ್ಟಬೇಕಾದ ಮಾವ ಹಗ್ಗದ ತಲೆಯಲ್ಲಿದ್ದರು. ಅಪ್ಪ ಹಗ್ಗದ ನಡುವೆ ಇದ್ದರು. ಗಾಳಿ ಜಗ್ಗುತ್ತಿತ್ತು.

"ಬಿಟ್ಟು ಬನ್ನಿ" ಎಂದರು ಯಾರೋ.

"ಬಿಟ್ಟರೆ ಇಷ್ಟೂ ಮದುಮಗಳ ತಲೆ ಮೇಲೆ ಬೀಳ್ತದೆ!" ಎಂದು ಮಾವ ಹಲ್ಲು ಕಚ್ಚಿಕೊಂಡೇ ಕೂಗಿದರು.

ಗುರಿಕಾರರು ಹಗ್ಗವನ್ನು ನೋಡಿದರು, ಹಿಡಿದವರನ್ನು ನೋಡಿದರು. ಅವರಿಗೆ ಗಡಿಬಿಡಿ ಎಂಬುದೇ ಇರಲಿಲ್ಲ. ಮೆಲ್ಲನೆ ನಡೆದು ಬಂದು, ಕೊನೆಯಲ್ಲಿ ಸಡಿಲವಾಗಿ ಬಿದ್ದಿದ್ದ ಹಗ್ಗದ ಬಾಲವನ್ನು ಎತ್ತಿಕೊಂಡು ಮಂಟಪದವರೆಗೆ ಎಳೆದುಕೊಂಡು ಹೋದರು. ಅದನ್ನು ಗಿಂಡಿಯ ಕುತ್ತಿಗೆಗೆ ಒಂದು ಸುತ್ತು ಸುತ್ತಿದರು.

"ರಂಪಣಿಯ ಕ್ರಮ ಎಲ್ಲರಿಗೂ ಗೊತ್ತುಂಟಲ್ಲ" ಎಂದರು. "ಹಗ್ಗಕ್ಕೆ ಕೈ ಹಾಕಿದವರಿಗೆಲ್ಲ ಪಾಲು ಉಂಟು. ಈಗ ಹಗ್ಗ ಮುಟ್ಟಿದವರೆಲ್ಲ ಗಿಂಡಿ ಮುಟ್ಟಿದ ಹಾಗೆ."

ನೀರು ಬಿಟ್ಟರು. ಅಕ್ಕನ ಬೀಡಿಯ ಬೆರಳುಗಳ ಮೇಲೆ, ಭಾಸ್ಕರನ ಮಸಿಯ ಬೆರಳುಗಳ ಮೇಲೆ ನೀರು ಬಿತ್ತು. ಹೆಂಗಸರು ಶೋಭಾನೆಗೆ ಬಾಯಿ ತೆರೆಯುವ ಮುಂಚೆಯೇ ಹಗ್ಗದ ಉದ್ದಕ್ಕೂ ಐಸಾ ಎದ್ದಿತು. ಸಾಮಾನ್ಯ ಮದುವೆಯಲ್ಲಿ ಗಿಂಡಿ ಮುಟ್ಟುವವರು ಹತ್ತು ಜನ. ನಮ್ಮ ಅಕ್ಕನನ್ನು ಧಾರೆ ಎರೆದುಕೊಟ್ಟದ್ದು ಅರವತ್ತು ಜನ. ಹಮ್ಮಬ್ಬ ಬ್ಯಾರಿಯವರು, ಸೆಲಿನ್ ಬಾಯಿ, ಡ್ರೈವರು, ನಾನು. ಮಾವ ಅಳುತ್ತಿದ್ದರು. ಬೆವರು ಎಂದು ಆಮೇಲೆ ಹೇಳಿದರು. ಅಪ್ಪ ಅಳುತ್ತಿದ್ದರು, ಅವರು ಹಾಗೇನೂ ಹೇಳಲಿಲ್ಲ. ನನಗಂತೂ ಆ ಕ್ಷಣದಷ್ಟು ಸಂತೋಷ ಮತ್ತೆ ನನ್ನ ಮದುವೆಯಲ್ಲೂ ಆಗಲಿಲ್ಲ. ನನ್ನ ಗಂಡ ಇದನ್ನು ಓದಿದರೆ ಓದಲಿ.

ಧಾರೆ ಮುಗಿದ ಮೇಲೆ ಮಾವನೇ ನಿಂತು ಪಡು ಬದಿಯನ್ನು ತಗ್ಗಿಸಿ ಕಟ್ಟಿಸಿದರು. ಅಪ್ಪನಿಗೆ ಎಲ್ಲರ ಎದುರು ಬೈದರು. "ಚಪ್ಪರ ಕಟ್ಟುವುದಾ ಇದು? ನೀವು ಮದುವೆ ಮನೆಯನ್ನು ಲಕ್ಷದ್ವೀಪಕ್ಕೆ ಕಳಿಸ್ಲಿಕ್ಕೆ ಹೊರಟದ್ದಾ?" ಆಮೇಲೆ ಅದೇ ಅಪ್ಪನ ಪಕ್ಕದಲ್ಲಿ ಕೂತು ಮೂರು ಸಲ ಹೆಸರುಬೇಳೆ ಪಾಯಸ ಹಾಕಿಸಿಕೊಂಡರು. ಗೋಡಂಬಿ ಎಲ್ಲಿ ಎಂದು ಕೇಳಲಿಲ್ಲ. ಮೊದಲ ಪಂಕ್ತಿಯಲ್ಲಿ ಹಗ್ಗ ಹಿಡಿದವರನ್ನೇ ಕೂರಿಸಿದೆವು. ಸೆಲಿನ್ ಬಾಯಿ ಎರಡು ಲೆಕ್ಕದಲ್ಲೂ ಮೊದಲ ಪಂಕ್ತಿಯವರಾದರು. ಅಪ್ಪನ ಪಾಲು ಅಪ್ಪನ ಹತ್ತಿರವೇ ಉಳಿಯಿತು.

ಕಥೆ ಅಲ್ಲಿಗೇ ಮುಗಿದಿದ್ದರೂ ನಾನು ಈ ತುಂಡನ್ನು ಬಿಸಾಡುತ್ತಿರಲಿಲ್ಲ. ಮರುವರ್ಷ ಏಪ್ರಿಲ್‌ನಲ್ಲಿ ಒಂದು ಬೆಳಿಗ್ಗೆ ಮಾವ ಕಾಪುವಿನ ಬಸ್ಸಿನಿಂದ ಇಳಿದು ನಮ್ಮ ಮನೆಗೆ ಬಂದರು. ಕೊಡೆ ಇತ್ತು, ಶಾಲು ಇರಲಿಲ್ಲ. ಬೆಲ್ಲ ನೀರು ಕುಡಿದು, ಊರಿನ ಸುದ್ದಿಯೆಲ್ಲ ಮಾತಾಡಿ, ಎದ್ದು ಹೊರಡುವವರಂತೆ ಬಾಗಿಲವರೆಗೆ ಹೋಗಿ ತಿರುಗಿ ನಿಂತರು.

"ಆ ಹಾಯಿ ಉಂಟಾ ಮಾರಾಯ್ರೆ?"

ಅವರ ಮಗಳಿಗೆ ಮದುವೆ ಗೊತ್ತಾಗಿತ್ತು. ಕಾರ್ಕಳದಲ್ಲಿ ದೊಡ್ಡ ಹಾಲ್ ಮಾತಾಡಿ ಆಗಿತ್ತು. ಮಗಳು ಬೇಡ ಎಂದು ಕೂತಿದ್ದಳು. ಅಂಗಳದಲ್ಲೇ ಆಗಬೇಕು, ಕಾಪುವಿನ ಹಾಯಿಯ ಅಡಿಯಲ್ಲೇ ಆಗಬೇಕು, ಗಿಂಡಿಗೆ ಹಗ್ಗ ಕಟ್ಟಲೇಬೇಕು ಎಂದು ಅವಳ ಹಟ.

ಅಪ್ಪ ತುಂಬ ಹೊತ್ತು ಯೋಚಿಸುವವರಂತೆ ನಟಿಸಿದರು. ವೀಳ್ಯದೆಲೆಯ ನಾರು ತೆಗೆದರು. ಅಡಿಕೆ ಹೋಳನ್ನು ಬೆರಳಲ್ಲಿ ಹೊರಳಿಸಿದರು. ಅಪ್ಪನಿಗೆ ಇಷ್ಟು ಚೆನ್ನಾಗಿ ನಾಟಕ ಆಡಲು ಬರುತ್ತದೆಂದು ನನಗೆ ಗೊತ್ತೇ ಇರಲಿಲ್ಲ. "ಹಾಯಿ ಕೊಡುವ. ಆದರೆ ನಮ್ಮ ಕಡೆಯಿಂದ ನೂರು ಜನ ಬರ್ತೇವೆ" ಎಂದರು. "ಒಬ್ಬನ ತಲೆಗೂ ಬಿಸಿಲು ಬೀಳಬಾರದು."

ಮಾವ ಜಗಲಿಯಲ್ಲಿ ಕೂತು ಕಣ್ಣೀರು ಬರುವವರೆಗೆ ನಕ್ಕರು.

ಆ ಹಾಯಿ ಆಮೇಲೆ ಹತ್ತು ಮದುವೆಗಳಿಗೆ ಹೋಯಿತು. ಕೊನೆಗೆ ನಡುವೆಯೇ ಸೀಳಿದಾಗ ಗುರಿಕಾರರ ಮಗ ಅದನ್ನು ಕತ್ತರಿಸಿ, ಅಕ್ಕನ ಮದುವೆಯಲ್ಲಿ ಹಗ್ಗ ಹಿಡಿದವರಿಗೆಲ್ಲ ಒಂದೊಂದು ತುಂಡು ಹಂಚಿದ. ಎಂಬತ್ತರ ದಶಕದಲ್ಲಿ ದೊಡ್ಡ ಯಂತ್ರದ ದೋಣಿಗಳು ಬಂದು ರಂಪಣಿಯೂ ನಿಂತಿತು. ಕೊನೆಯ ಸಲ ಬಲೆ ಎಳೆಯುವವರೆಗೂ ಅಪ್ಪ ಪಾಲುದಾರರಾಗಿಯೇ ಹಗ್ಗ ಹಿಡಿದರು.

ಆದರೆ ನನ್ನ ಮೂಗಿಗೆ ಈ ಬಟ್ಟೆಯ ವಾಸನೆ ಬಡಿದಾಗಲೆಲ್ಲ ಕಣ್ಣಿಗೆ ಬರುವುದು ಕಾರ್ಕಳದ ಆ ಅಂಗಳ. ಕಡಲಿನಿಂದ ಅಷ್ಟು ದೂರ, ಸುತ್ತ ಕರಿ ಬಂಡೆ, ಒಂದು ಚೂರು ಗಾಳಿಯಿಲ್ಲ. ಹಾಯಿ ಒಗೆದು ಹರವಿದ ಸೀರೆಯಂತೆ ಸುಮ್ಮನೆ ನಿಂತಿತ್ತು. ಗಂಟುಗಳೂ ಈ ಸಲ ಸರಿಯಾಗಿದ್ದವು. ಆದರೂ ಮುಹೂರ್ತದ ಹೊತ್ತಿಗೆ ಮಾವ ಹಗ್ಗದ ಬಾಲವನ್ನು ಗಿಂಡಿಗೆ ಸುತ್ತಿಸಿದರು. ಕಾಪುವಿನ ನೂರು ಜನ, ಕಾರ್ಕಳದ ನೂರು ಜನ ಎದ್ದು ಬಂದು ಸಾಲಾಗಿ ಹಿಡಿದೆವು. ಅಕ್ಕ ಎರಡು ತಿಂಗಳ ಮಗುವನ್ನು ಒಂದು ಹೆಗಲಿಗೆ ಹಾಕಿಕೊಂಡು ಇನ್ನೊಂದು ಕೈಯಲ್ಲಿ ಹಗ್ಗ ಹಿಡಿದಳು. ಮಗುವಿನ ಮುಷ್ಟಿಯನ್ನೂ ಬಿಡಿಸಿ ಹಗ್ಗಕ್ಕೆ ತಾಗಿಸಿದಳು. ಎಳೆಯಲು ಅಲ್ಲಿ ಏನೂ ಇರಲಿಲ್ಲ. ಆದರೂ ಧಾರೆಯ ನೀರು ಪೂರ್ತಿ ಬಿದ್ದು ಮುಗಿಯುವವರೆಗೆ ಒಬ್ಬರೂ ಕೈ ಬಿಡಲಿಲ್ಲ.